ಸಂಚಾರ ದಂಡದ ವರ್ಗಾವಣೆ

ಸಂಚಾರ ದಂಡದ ವರ್ಗಾವಣೆ ಎಂದರೆ, ವಾಹನದ ನೋಂದಾಯಿತ ಮಾಲೀಕನ ಹೆಸರಿಗೆ ಬಂದ ದಂಡದ ನೋಟಿಸನ್ನು, ನಿಯಮ ಉಲ್ಲಂಘನೆಯ ಸಮಯದಲ್ಲಿ ವಾಹನವನ್ನು ನಿಜವಾಗಿ ಓಡಿಸುತ್ತಿದ್ದ ಚಾಲಕನ ಹೆಸರಿಗೆ ಬದಲಾಯಿಸುವ ಕ್ರಮ. ಮಾಲೀಕನೇ ಚಾಲಕನನ್ನು ಗುರುತಿಸಿ ಅಧಿಕಾರಿಗಳಿಗೆ ತಿಳಿಸುವುದು ಇದರ ಮುಖ್ಯ ಹಂತ. ವರ್ಗಾವಣೆ ಎಂಬ ಮಾತು ರೂಢಿಯಲ್ಲಿದ್ದರೂ ಕಾನೂನಿನ ದೃಷ್ಟಿಯಲ್ಲಿ ಇಲ್ಲಿ ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಹೋಗುವುದಿಲ್ಲ. ಆರೋಪವು ಸರಿಯಾದ ವ್ಯಕ್ತಿಯನ್ನು ತಲುಪುತ್ತದೆ, ಅಷ್ಟೆ.

ಹಿನ್ನೆಲೆ

ರಸ್ತೆಯಲ್ಲಿ ಪೊಲೀಸರು ವಾಹನವನ್ನು ಕೈ ಅಡ್ಡಹಾಕಿ ನಿಲ್ಲಿಸಿ ದಂಡ ವಿಧಿಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ವಿರಳವಾಗಿತ್ತು. ಚಾಲಕ ಎದುರಿಗೇ ಇರುತ್ತಿದ್ದ. ಅವನ ಚಾಲನಾ ಪರವಾನಗಿಯನ್ನು ನೋಡಿಯೇ ರಸೀದಿ ಬರೆಯುತ್ತಿದ್ದರು. ಕ್ಯಾಮೆರಾಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ಕ್ಯಾಮೆರಾ ಓದುವುದು ಸಂಖ್ಯಾಫಲಕವನ್ನು. ಸಂಖ್ಯಾಫಲಕದಿಂದ ನೋಂದಣಿ ದಾಖಲೆಗೆ, ಅಲ್ಲಿಂದ ಮಾಲೀಕನ ವಿಳಾಸಕ್ಕೆ ದಾರಿ ಸುಲಭ. ಆದರೆ ಹೆಲ್ಮೆಟ್ಟಿನೊಳಗಿನ ಅಥವಾ ಗಾಜಿನ ಹಿಂದಿನ ಮುಖ ಯಾರದೆಂದು ಆ ದಾಖಲೆ ಹೇಳಲಾರದು. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಿಂದ ಪ್ರಮುಖ ವೃತ್ತಗಳಲ್ಲಿ ಸಂಖ್ಯಾಫಲಕವನ್ನು ತಾನಾಗಿ ಓದುವ ಕ್ಯಾಮೆರಾ ವ್ಯವಸ್ಥೆ ಜಾರಿಗೆ ಬಂದ ನಂತರ, ಮನೆಯಲ್ಲಿ ಕುಳಿತಿದ್ದ ಮಾಲೀಕರ ಮೊಬೈಲಿಗೆ ದಂಡದ ಸಂದೇಶ ಬರುವುದು ಸಾಮಾನ್ಯ ಸಂಗತಿಯಾಗಿದೆ.

ಭಾರತದ ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಆಧಾರ 1988ರ ಮೋಟಾರು ವಾಹನಗಳ ಕಾಯ್ದೆಯ 133ನೆಯ ಸೆಕ್ಷನ್. ವಾಹನದ ಚಾಲಕ ಅಥವಾ ನಿರ್ವಾಹಕನ ಮೇಲೆ ಈ ಕಾಯ್ದೆಯಡಿ ಆರೋಪವಿದ್ದಾಗ, ರಾಜ್ಯ ಸರ್ಕಾರದಿಂದ ಅಧಿಕಾರ ಪಡೆದ ಪೊಲೀಸ್ ಅಧಿಕಾರಿ ಕೇಳಿದರೆ, ಮಾಲೀಕನು ಆ ವ್ಯಕ್ತಿಯ ಹೆಸರು, ವಿಳಾಸ ಮತ್ತು ಪರವಾನಗಿಯ ವಿವರಗಳನ್ನು ಕೊಡಬೇಕು. ತನಗೆ ಈಗಾಗಲೇ ಗೊತ್ತಿರುವುದನ್ನು ಮಾತ್ರವಲ್ಲ, ತಕ್ಕ ಪ್ರಯತ್ನ ಮಾಡಿದರೆ ತಿಳಿಯಬಹುದಾದುದನ್ನೂ ತಿಳಿಸಬೇಕು. ಹಾಗಾಗಿ ಒಂದೇ ಸ್ಕೂಟರನ್ನು ಮನೆಯ ನಾಲ್ವರು ಬಳಸುತ್ತಿದ್ದರೆ ‘ಯಾರು ಓಡಿಸಿದರೋ ಗೊತ್ತಿಲ್ಲ’ ಎಂಬಷ್ಟೇ ಉತ್ತರ ಸಾಲದು. ವಿಚಾರಿಸಿ ತಿಳಿಯುವ ಹೊಣೆ ಮಾಲೀಕನದು. 1939ರ ಹಳೆಯ ಕಾಯ್ದೆಯಲ್ಲಿಯೂ ಇಂಥದೇ ವಿಧಿ ಇತ್ತು. ಕ್ಯಾಮೆರಾಗಳಿಗಾಗಿ ಹುಟ್ಟಿದ ನಿಯಮ ಇದಲ್ಲ.

ಮಾಹಿತಿ ಕೊಡದವರಿಗೆ ಶಿಕ್ಷೆಯನ್ನು 187ನೆಯ ಸೆಕ್ಷನ್ ಹೇಳುತ್ತದೆ. ಆ ಸೆಕ್ಷನ್ನಿನ ಶೀರ್ಷಿಕೆ ಅಪಘಾತಗಳಿಗೆ ಸಂಬಂಧಿಸಿದ್ದು; ಆದ್ದರಿಂದಲೇ ಅದು ಸಾಮಾನ್ಯ ಓದುಗರ ಕಣ್ಣಿಗೆ ಬೀಳುವುದು ಕಡಿಮೆ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಐದುನೂರು ರೂಪಾಯಿಯ ದಂಡದ ಬಗ್ಗೆ ಮೌನವಾಗಿದ್ದರೆ ಆ ಮೌನಕ್ಕೇ ಹೆಚ್ಚು ಬೆಲೆ ತೆರಬೇಕಾದೀತು.

ಅದೇ ತಿದ್ದುಪಡಿಯಿಂದ ಸೇರಿದ 136ಎ ಸೆಕ್ಷನ್ ರಸ್ತೆಗಳ ವಿದ್ಯುನ್ಮಾನ ನಿಗಾವಣೆಗೆ ಅವಕಾಶ ನೀಡಿತು. ಅದರ ವಿವರಗಳು 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ನಿಯಮವಾಗಿ ಬಂದವು. ಉಲ್ಲಂಘನೆ ನಡೆದ ಹದಿನೈದು ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ವಾಹನದ ಸಂಖ್ಯೆಯೂ ಉಲ್ಲಂಘನೆಯೂ ಸ್ಪಷ್ಟವಾಗಿ ಕಾಣುವ ಚಿತ್ರ, ದಿನಾಂಕ, ಸಮಯ ಮತ್ತು ಸ್ಥಳ ಅದರಲ್ಲಿರಬೇಕು ಎಂದು ಆ ನಿಯಮ ಹೇಳಿತು. ಮಾಲೀಕನ ಮಟ್ಟಿಗೆ ಈ ಸಮಯ ಮತ್ತು ಸ್ಥಳವೇ ಮುಖ್ಯ. ಆ ಹೊತ್ತಿನಲ್ಲಿ ವಾಹನ ಯಾರ ಕೈಯಲ್ಲಿತ್ತು ಎಂಬುದನ್ನು ಅದರಿಂದಲೇ ಹುಡುಕಬೇಕು.

ಚಾಲಕನ ಹೆಸರನ್ನು ಸೂಚಿಸಲು 133ನೆಯ ಸೆಕ್ಷನ್ ಯಾವ ಅರ್ಜಿ ನಮೂನೆಯನ್ನೂ ನಿಗದಿಪಡಿಸಿಲ್ಲ. ಉತ್ತರಕ್ಕೆ ದಿನಗಳ ಗಡುವನ್ನೂ ಹೇಳಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ದಂಡ ಕಟ್ಟಲು ಆನ್‌ಲೈನ್ ಸೌಲಭ್ಯ ಸುಲಭವಾಗಿ ಸಿಗುತ್ತದೆ. ‘ಓಡಿಸಿದವನು ನಾನಲ್ಲ’ ಎನ್ನಲು ನೋಟಿಸ್ ಕೊಟ್ಟ ಠಾಣೆಗೋ ಅಧಿಕಾರಿಗೋ ಲಿಖಿತವಾಗಿ ತಿಳಿಸಬೇಕಾಗುತ್ತದೆ, ಅಥವಾ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಹೇಳಬೇಕಾಗುತ್ತದೆ. ಹೀಗಾಗಿ ಎಷ್ಟೋ ಮಾಲೀಕರು ಓಡಾಟಕ್ಕಿಂತ ಕಟ್ಟುವುದೇ ಲೇಸೆಂದು ಹಣ ಕಟ್ಟಿಬಿಡುತ್ತಾರೆ. ಸ್ಥಳದಲ್ಲೇ ಕಟ್ಟುವ ರಾಜಿ ದಂಡಕ್ಕೆ 200ನೆಯ ಸೆಕ್ಷನ್ ಆಧಾರ. ಹಾಗೆ ಕಟ್ಟಿದ ಮೇಲೆ ಆ ಪ್ರಕರಣ ಅಲ್ಲಿಗೆ ಮುಗಿಯುವುದರಿಂದ, ಚಾಲಕನನ್ನು ಸೂಚಿಸಬೇಕೆನ್ನುವವರು ಹಣ ಕಟ್ಟುವ ಮೊದಲೇ ಅದನ್ನು ಮಾಡುವುದು ಅಗತ್ಯ.

ಹಣವನ್ನು ಯಾರು ಬೇಕಾದರೂ ಕಟ್ಟಬಹುದು, ಪರವಾನಗಿಯ ಮೇಲಿನ ಪರಿಣಾಮವನ್ನು ಮಾತ್ರ ಹಂಚಿಕೊಳ್ಳಲಾಗದು. ಉದಾಹರಣೆಗೆ, ಹೆಲ್ಮೆಟ್ ಧರಿಸದೆ ದ್ವಿಚಕ್ರ ವಾಹನ ಓಡಿಸಿದವರಿಗೆ 194ಡಿ ಸೆಕ್ಷನ್ ದಂಡದ ಜೊತೆಗೆ ಮೂರು ತಿಂಗಳ ಪರವಾನಗಿ ಅನರ್ಹತೆಯನ್ನೂ ಹೇಳುತ್ತದೆ. ತಮ್ಮನ ತಪ್ಪಿಗೆ ಅಣ್ಣನ ಪರವಾನಗಿ ಹೋಗುವುದು ನ್ಯಾಯವಲ್ಲ. ತಪ್ಪಿತಸ್ಥ ಚಾಲಕ ದಾಖಲೆಯಲ್ಲಿ ನಿರ್ದೋಷಿಯಾಗಿ ಉಳಿಯುವುದು ರಸ್ತೆಯ ಸುರಕ್ಷತೆಗೂ ಒಳ್ಳೆಯದಲ್ಲ.

ಮಾಲೀಕನಲ್ಲೇ ಉಳಿಯುವ ಹೊಣೆ

ಎಲ್ಲ ದಂಡಗಳನ್ನೂ ಚಾಲಕನತ್ತ ತಿರುಗಿಸಲಾಗದು. ಪರವಾನಗಿ ಇಲ್ಲದವನಿಗೆ ವಾಹನ ಕೊಟ್ಟರೆ 180ನೆಯ ಸೆಕ್ಷನ್ ಪ್ರಕಾರ ಕೊಟ್ಟವನೇ ಅಪರಾಧಿ. ವಿಮೆಯಿಲ್ಲದ ವಾಹನವನ್ನು ರಸ್ತೆಗೆ ಬಿಟ್ಟರೆ ಓಡಿಸಿದವನಷ್ಟೇ ಬಿಟ್ಟವನೂ ಹೊಣೆ. ಸರಕು ವಾಹನಕ್ಕೆ ಮಿತಿಮೀರಿ ಭಾರ ಹೇರಿಸಿದರೆ ಹೇರಿಸಿದವರನ್ನೂ ಕಾಯ್ದೆ ಬಿಡುವುದಿಲ್ಲ. ವೇಗಮಿತಿಯ ಕುರಿತ 183ನೆಯ ಸೆಕ್ಷನ್ನಿನಲ್ಲಿಯೂ, ತನ್ನ ಕೈಕೆಳಗಿನ ನೌಕರನಿಂದ ಅತಿವೇಗವಾಗಿ ಓಡಿಸುವವನ ಉಲ್ಲೇಖವಿದೆ. ಸಮಯಕ್ಕೆ ತಲುಪಲೇಬೇಕೆಂದು ಒತ್ತಡ ಹಾಕಿ, ಬಂದ ದಂಡವನ್ನು ಚಾಲಕನ ಸಂಬಳದಿಂದ ಮುರಿದುಕೊಳ್ಳುವ ಮಾಲೀಕರು ಈ ಮಾತನ್ನು ಗಮನಿಸುವುದು ಒಳ್ಳೆಯದು.

ಅಪ್ರಾಪ್ತ ವಯಸ್ಕರ ವಿಷಯದಲ್ಲಿ ಹೊಣೆ ಎದುರು ದಿಕ್ಕಿನಲ್ಲಿ ಸಾಗುತ್ತದೆ. 2019ರಲ್ಲಿ ಸೇರಿದ 199ಎ ಸೆಕ್ಷನ್ ಪ್ರಕಾರ ಬಾಲಕನೋ ಬಾಲಕಿಯೋ ಅಪರಾಧ ಎಸಗಿದರೆ ಪೋಷಕ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥನೆಂದು ಭಾವಿಸಲಾಗುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು ಇದರ ಶಿಕ್ಷೆ. ವಾಹನ ಓಡಿಸಿದ ಬಾಲಕನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ಸಿಗದು. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆ ಎಂಬುದನ್ನು ಪೋಷಕನೇ ಸಾಬೀತುಪಡಿಸಬೇಕು. ಕಾಲೇಜಿಗೆ ಹೋಗುವ ಹದಿನೇಳರ ಮಗನ ಕೈಗೆ ಗಾಡಿಯ ಕೀಲಿ ಕೊಡುವ ಮನೆಗಳಿಗೆ ಇದು ತಿಳಿದಿರಬೇಕು.

ಮಾರಿದ ವಾಹನ

ದಂಡದ ತಕರಾರುಗಳಲ್ಲಿ ಹೆಚ್ಚು ಗೋಜಲಾದುದು ಹಳೆಯ ವಾಹನದ ಮಾರಾಟ. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಮಾಲೀಕ ಎಂದು ಕಾಯ್ದೆಯ 2ನೆಯ ಸೆಕ್ಷನ್ ಹೇಳುತ್ತದೆ; ಸಾಲ ಅಥವಾ ಗುತ್ತಿಗೆಯ ಕರಾರಿನಲ್ಲಿರುವ ವಾಹನಕ್ಕೆ ಮಾತ್ರ ಅದನ್ನು ವಶದಲ್ಲಿಟ್ಟುಕೊಂಡವನು ಮಾಲೀಕನಾಗುತ್ತಾನೆ. ಹಣ ಎಣಿಸಿಕೊಂಡು ಕೀಲಿ ಕೊಟ್ಟ ಮಾತ್ರಕ್ಕೆ ಸರ್ಕಾರಿ ದಾಖಲೆಯಲ್ಲಿ ಹೆಸರು ಬದಲಾಗುವುದಿಲ್ಲ. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅಲ್ಲಿ ಕಾರು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು. ಆದರೂ ನೋಂದಣಿ ಯಾರ ಹೆಸರಿನಲ್ಲಿತ್ತೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ತೀರ್ಪಾಯಿತು. ಅದು ಪರಿಹಾರದ ಪ್ರಕರಣ, ದಂಡದ್ದಲ್ಲ. ಆದರೆ ಮಾಲೀಕ ಎಂಬ ಪದದ ಅರ್ಥ ಎರಡೂ ಕಡೆ ಒಂದೇ.

ಇದನ್ನು ತಪ್ಪಿಸಲು 50ನೆಯ ಸೆಕ್ಷನ್ ಮಾರ್ಗ ತೋರಿಸುತ್ತದೆ. ಅದೇ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು; ಕೊಂಡವನು ಮೂವತ್ತು ದಿನಗಳೊಳಗೆ ತಿಳಿಸಬೇಕು. ಇವಕ್ಕೆ ಕ್ರಮವಾಗಿ 29 ಮತ್ತು 30ನೆಯ ನಮೂನೆಗಳಿವೆ. ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಟ್ಟು ನಿಶ್ಚಿಂತರಾಗುವುದು ಅಪಾಯಕರ ಅಭ್ಯಾಸ. ಮಾರಾಟದ ದಿನ ಮತ್ತು ಗಂಟೆಯನ್ನು ಬರೆದ ಪತ್ರಕ್ಕೆ ಕೊಂಡವನ ಸಹಿ ಪಡೆದು, ಅವನ ಪರವಾನಗಿಯ ಪ್ರತಿಯೊಂದಿಗೆ ಇಟ್ಟುಕೊಂಡರೆ, ಮುಂದೆ 133ನೆಯ ಸೆಕ್ಷನ್ ಅಡಿ ಕೇಳಿದಾಗ ಉತ್ತರ ಸಿದ್ಧವಿರುತ್ತದೆ. ಕೊಳ್ಳುವವರೂ ಆ ವಾಹನದ ಮೇಲಿರುವ ಬಾಕಿ ಚಲನ್‌ಗಳನ್ನು ಮೊದಲೇ ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಪಾವತಿಸಲು ಜನ ಮುಗಿಬಿದ್ದರು. ಬಾಕಿ ಎಷ್ಟು ಬೆಳೆದಿತ್ತೆಂಬುದು ಅದರಿಂದಲೇ ತಿಳಿಯುತ್ತದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಈ ಕ್ರಮಕ್ಕೆ ಗಡುವುಗಳು ಸ್ಪಷ್ಟ. ವೇಗಮಿತಿ ಮೀರಿದ ವಾಹನದ ಮಾಲೀಕನಿಗೆ ಹದಿನಾಲ್ಕು ದಿನಗಳೊಳಗೆ ನೋಟಿಸ್ ತಲುಪಬೇಕು. ಅವನು ಇಪ್ಪತ್ತೆಂಟು ದಿನಗಳೊಳಗೆ ಚಾಲಕ ಯಾರೆಂದು ತಿಳಿಸಬೇಕು. ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡ, ಪರವಾನಗಿಯ ಮೇಲೆ ಆರು ದೋಷಾಂಕ. ಸಾಮಾನ್ಯ ವೇಗದ ಅಪರಾಧಕ್ಕೆ ಸಿಗುವುದು ಮೂರೇ ದೋಷಾಂಕ. ತಾನೇ ಚಾಲಕನಾಗಿದ್ದರೆ ಹೀಗೆ ಉತ್ತರಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದೆ ಎಂಬ ಆಕ್ಷೇಪವನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ಓ’ಹ್ಯಾಲೊರನ್ ಮತ್ತು ಫ್ರಾನ್ಸಿಸ್ ಪ್ರಕರಣದಲ್ಲಿ ತಳ್ಳಿಹಾಕಿತು.

ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಕಂಪನಿಗಳು ತಮ್ಮ ವಾಹನ ಓಡಿಸಿದ ನೌಕರನ ಹೆಸರನ್ನು ನಲವತ್ತೈದು ದಿನಗಳೊಳಗೆ ತಿಳಿಸುವುದು ಕಡ್ಡಾಯ. ಜರ್ಮನಿಯ ದಾರಿ ಬೇರೆ: ಚಲಿಸುವ ವಾಹನದ ಅಪರಾಧಕ್ಕೆ ಅಲ್ಲಿ ಚಾಲಕನೇ ಹೊಣೆ, ಆದ್ದರಿಂದ ಕ್ಯಾಮೆರಾ ಮುಖದ ಚಿತ್ರವನ್ನೂ ತೆಗೆಯುತ್ತದೆ. ಚಾಲಕ ಪತ್ತೆಯಾಗದಿದ್ದರೆ ಮಾಲೀಕನು ಪ್ರತಿ ಪ್ರಯಾಣವನ್ನೂ ಬರೆದಿಡುವ ಪುಸ್ತಕ ಇಡಬೇಕೆಂದು ಅಧಿಕಾರಿಗಳು ಆದೇಶಿಸಬಹುದು.

ಸುಳ್ಳು ಹೆಸರು

ಈ ವ್ಯವಸ್ಥೆ ಮಾಲೀಕನ ಮಾತನ್ನು ನಂಬಿ ನಡೆಯುವುದರಿಂದ ಸುಳ್ಳಿಗೆ ಶಿಕ್ಷೆ ಕಠಿಣ. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಾಧೀಶ ಮಾರ್ಕಸ್ ಐನ್‌ಫೆಲ್ಡ್ 2006ರಲ್ಲಿ ಬಂದ 77 ಡಾಲರ್‌ಗಳ ವೇಗದ ದಂಡವನ್ನು ತಪ್ಪಿಸಿಕೊಳ್ಳಲು, ಕಾರನ್ನು ಪರಿಚಿತ ಪ್ರಾಧ್ಯಾಪಕಿಯೊಬ್ಬರಿಗೆ ಕೊಟ್ಟಿದ್ದೆನೆಂದು ಪ್ರಮಾಣ ಮಾಡಿ ಹೇಳಿದರು. ಆಕೆ 2003ರಲ್ಲೇ ತೀರಿಕೊಂಡಿದ್ದರೆಂಬುದು ಪತ್ರಿಕೆಗಳಿಂದ ಬಯಲಾಯಿತು. ಸುಳ್ಳನ್ನು ಮುಚ್ಚಲು ಮತ್ತೊಂದು ಸುಳ್ಳು ಸೇರುತ್ತ ಹೋಗಿ, 2009ರಲ್ಲಿ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಬ್ರಿಟನ್ನಿನ ಸಚಿವರಾಗಿದ್ದ ಕ್ರಿಸ್ ಹ್ಯೂನ್ 2003ರ ತಮ್ಮ ವೇಗದ ಅಪರಾಧದ ದೋಷಾಂಕಗಳನ್ನು ಆಗಿನ ಪತ್ನಿ ವಿಕಿ ಪ್ರೈಸ್ ಅವರ ಹೆಸರಿಗೆ ಬರುವಂತೆ ಮಾಡಿದ್ದರು. 2013ರಲ್ಲಿ ಇಬ್ಬರಿಗೂ ಎಂಟು ತಿಂಗಳ ಶಿಕ್ಷೆಯಾಯಿತು. ಹೆಸರು ಕೊಟ್ಟವರಷ್ಟೇ ಹೆಸರು ಒಪ್ಪಿಕೊಂಡವರೂ ಅಲ್ಲಿ ಅಪರಾಧಿಗಳಾದರು.

ಭಾರತದಲ್ಲಿಯೂ ಸರ್ಕಾರಿ ನೌಕರರಿಗೆ ತಿಳಿದೂ ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಮಗನ ಬದಲು ಮನೆಯ ಚಾಲಕನ ಹೆಸರನ್ನೋ ವಯಸ್ಸಾದ ತಂದೆಯ ಹೆಸರನ್ನೋ ಬರೆದುಕೊಡುವುದು ಇದೇ ವರ್ಗಕ್ಕೆ ಸೇರುತ್ತದೆ.