ಟ್ರ್ಯಾಕ್ಟರು ಪಕ್ಕಕ್ಕೆ ಎಳೆಯುತ್ತಿದೆಯೇ?

ಕಬ್ಬಿನ ಟ್ರೇಲರು ಕಟ್ಟಿಕೊಂಡು ರಸ್ತೆಗಿಳಿದಾಗ ಟ್ರ್ಯಾಕ್ಟರು ಪಕ್ಕಕ್ಕೆ ಎಳೆದರೆ ಚಾಲಕನನ್ನು ಬೈದು ಫಲವಿಲ್ಲ. ಅದು ಯಾವಾಗ ಎಳೆಯುತ್ತದೆ ಎಂಬುದನ್ನು ಮೊದಲು ಗಮನಿಸಿರಿ. ದೋಷ ಎಲ್ಲಿದೆಯೆಂಬುದು ಬಹುಮಟ್ಟಿಗೆ ಅದರಿಂದಲೇ ತಿಳಿಯುತ್ತದೆ.

ಸದಾ ಒಂದೇ ಕಡೆಗೆ ಎಳೆದರೆ ಮುಂದಿನ ಟೈರುಗಳ ಗಾಳಿ ನೋಡಿರಿ. ಗಾಳಿ ಕಡಿಮೆಯಿರುವ ಕಡೆಗೇ ಗಾಡಿ ಎಳೆಯುತ್ತದೆ. ಟೈರು ತಣ್ಣಗಿರುವಾಗ ಗೇಜು ಹಿಡಿದು, ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿಯನ್ನು ಎರಡಕ್ಕೂ ಸಮನಾಗಿ ತುಂಬಿಸಿರಿ.

ಬ್ರೇಕು ಒತ್ತಿದಾಗ ಮಾತ್ರ ಎಳೆದರೆ ದೋಷ ಬ್ರೇಕಿನದು. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಹಿಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಪೆಡಲುಗಳಿವೆ. ರಸ್ತೆಗೆ ಬರುವ ಮುನ್ನ ಚಿಲಕ ಹಾಕಿ ಅವನ್ನು ಜೋಡಿಸತಕ್ಕದ್ದು. ಮರೆತು ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರು ಥಟ್ಟನೆ ತಿರುಗಿ ಮಗುಚಬಹುದು. ಜೋಡಿಸಿದ ಮೇಲೂ ಎಳೆದರೆ ಎರಡೂ ಬ್ರೇಕು ಸಮನಾಗಿ ಹಿಡಿಯುವಂತೆ ಮೆಕ್ಯಾನಿಕ್‌ನಿಂದ ಹೊಂದಿಸಿಕೊಳ್ಳಿರಿ.

ಎಡಬಲಕ್ಕೆ ಹೊಯ್ದಾಡಿದರೆ? ಇಂಜಿನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಜಾಕಿಯಿಂದ ಎತ್ತಿ, ಚಕ್ರ ಹಿಡಿದು ಅಲುಗಿಸಿರಿ. ಸಡಿಲವಾಗಿ ಆಡಿದರೆ ಬೇರಿಂಗು, ಕಿಂಗ್‌ಪಿನ್ನು ಅಥವಾ ಟೈ ರಾಡಿನ ತುದಿ ಸವೆದಿರಬಹುದು. ಸಡಿಲವಿಲ್ಲದೆ ಹೇರು ಕಟ್ಟಿದಾಗ ಮಾತ್ರ ಹೊಯ್ದಾಡಿದರೆ, ಟ್ರೇಲರಿನ ಭಾರ ಹಿಂದೆ ಒತ್ತಿ ಮುಂದಿನ ಚಕ್ರಗಳು ಹಗುರವಾಗಿವೆ ಎಂದು ತಿಳಿಯಿರಿ. ಹೇರು ತಗ್ಗಿಸಿರಿ, ಮುಂಭಾಗಕ್ಕೆ ತೂಕದ ಬಿಲ್ಲೆ ಹಾಕಿಸಿರಿ.

ಕಟಾವಿಗೆ ಮೊದಲೇ ಇಷ್ಟು ನೋಡಿಕೊಂಡರೆ ಟೈರೂ ಉಳಿದೀತು, ಪ್ರಾಣವೂ ಉಳಿದೀತು.