ಹಿತ್ತಲಲ್ಲಿ ಹಾವಿದೆಯೇ? ಈ ಗುರುತುಗಳನ್ನು ಗಮನಿಸಿ

ಮಳೆ ಶುರುವಾಗಿ ಬಿಲಗಳಿಗೆ ನೀರು ನುಗ್ಗಿದರೆ ಹಾವುಗಳು ಒಣ ಜಾಗ ಹುಡುಕಿಕೊಂಡು ಮನೆ ಹಿತ್ತಲು, ಅಂಗಡಿ ಗೋದಾಮಿನ ಕಡೆ ಬರುತ್ತವೆ. ಹಾವು ಕಣ್ಣಿಗೆ ಬೀಳದಿದ್ದರೂ ಅದು ಓಡಾಡಿದ ಗುರುತು ಸಿಗುತ್ತದೆ. ಅದು ಗೊತ್ತಾದರೆ ಎಲ್ಲಿ ಕೈ ಹಾಕಬಾರದು ಅನ್ನೋದೂ ತಿಳಿಯುತ್ತದೆ.

ಪೊರೆ: ಕಲ್ಲು, ಸೌದೆ, ಬೇಲಿ ಸಂದಿಯಲ್ಲಿ ಸಿಗುತ್ತದೆ. ಮೆತ್ತಗಿದ್ದರೆ ಇತ್ತೀಚಿನದು, ಮುಟ್ಟಿದರೆ ಪುಡಿಯಾಗುವಂತಿದ್ದರೆ ಹಳೆಯದು. ಕಳಚುವಾಗ ಹಿಗ್ಗುವುದರಿಂದ ಪೊರೆ ಹಾವಿಗಿಂತ ಉದ್ದವಿರುತ್ತದೆ. ಪೊರೆ ನೋಡಿ ವಿಷದ ಹಾವೋ ಅಲ್ಲವೋ ಎಂದು ನಿರ್ಧರಿಸಬೇಡಿ.

ಬಿಲ: ನಮ್ಮಲ್ಲಿ ಕಾಣುವ ನಾಗರಹಾವು, ಕೇರೆಹಾವು ತಾವೇ ಬಿಲ ತೋಡುವುದಿಲ್ಲ. ಇಲಿ ಬಿಲ, ಹುತ್ತದಲ್ಲಿ ಸೇರಿಕೊಳ್ಳುತ್ತವೆ. ಬಿಲದ ಬಾಯಿಗೆ ಜೇಡರ ಬಲೆ ಇದ್ದರೆ ಆ ದಾರಿಯಲ್ಲಿ ಇತ್ತೀಚೆಗೆ ಏನೂ ಓಡಾಡಿಲ್ಲ ಎಂದರ್ಥ. ಅನುಮಾನವಿದ್ದರೆ ಸಂಜೆ ದೂರದಿಂದಲೇ ಬೂದಿ ಎರಚಿ, ಬೆಳಿಗ್ಗೆ ನೋಡಿ. ಹೆಜ್ಜೆ ಗುರುತಿಲ್ಲದೆ ಹಗ್ಗ ಎಳೆದಂತೆ ಗೆರೆ ಇದ್ದರೆ ಹಾವಿನ ಜಾಡಾಗಿರಬಹುದು.

ಸದ್ದು: ಮೈನಾ, ಅಳಿಲುಗಳು ಒಂದೇ ಪೊದೆ ಕಡೆ ನೋಡಿ ಬಿಡದೆ ಕಿರುಚುತ್ತಿದ್ದರೆ ಎಚ್ಚರ. ಬೆಕ್ಕು ಕಂಡರೂ ಹಾಗೇ ಕೂಗುತ್ತವೆ, ಆದರೆ ಆ ಕಡೆ ಹೋಗದಿರುವುದು ಒಳ್ಳೆಯದು. ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಟ್ಟುವುದು ಕೊಳಕುಮಂಡಲ. ಅದು ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ. ಒಂದು ಮರಿ ಕಂಡರೆ ಸುತ್ತಮುತ್ತ ಇನ್ನೂ ಇರಬಹುದು. ಮರಿಯಲ್ಲೂ ವಿಷವಿರುತ್ತದೆ.

ಕಟ್ಟುಹಾವಿನ ಸುಳಿವು ಸಿಗುವುದು ಕಷ್ಟ. ಅದು ಓಡಾಡುವುದು ರಾತ್ರಿ. ಕಚ್ಚಿದರೂ ನೋವು, ಊತ ಅಷ್ಟಾಗಿ ಇರುವುದಿಲ್ಲ. ಹೀಗಾಗಿ ನೆಲದ ಮೇಲೆ ಮಲಗುವುದು ಬೇಡ, ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

ಹಾವು ಬರುವುದು ಹೆಚ್ಚಾಗಿ ಇಲಿ, ಕಪ್ಪೆ ಹಿಂದೆ. ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಚೀಲಗಳನ್ನು ಗೋಡೆಯಿಂದ ದೂರ, ಹಲಗೆ ಮೇಲೆ ಜೋಡಿಸಿ. ತೆಂಗಿನ ಗರಿ, ಸಿಪ್ಪೆ, ಇಟ್ಟಿಗೆ ರಾಶಿಯನ್ನು ಮನೆಗೆ ಒತ್ತಿ ಹಾಕಬೇಡಿ. ಅವನ್ನು ತೆಗೆಯುವಾಗ ಮೊದಲು ಕೋಲಿನಿಂದ ಸರಿಸಿ.

ಹಾವು ಕಂಡರೆ ಹೊಡೆಯಲು ಹೋಗಬೇಡಿ, ಎಷ್ಟೋ ಕಡಿತ ಆಗುವುದೇ ಆಗ. ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಗೆ ಓಡಾಡುವುದು ಬೇಡ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಔಷಧಿ ಕೊಡಲು ಹಾವನ್ನು ಹಿಡಿದು ತರಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕರ ವಿಷಕ್ಕೂ ಕೊಡುವ ಚುಚ್ಚುಮದ್ದು ಒಂದೇ.