ಮುಚ್ಚಿದ ಗಣಿ, ಮುಗಿಯದ ಲೆಕ್ಕ

ಮದುವೆಯ ಚಿನ್ನವನ್ನು ಗುಂಜಿಯಷ್ಟೂ ತಪ್ಪದಂತೆ ತೂಗಿಸಿ ಕೊಳ್ಳುವವರು ನಾವು. ಚಿನ್ನ ಅಗೆದ ನೆಲದ ಪಕ್ಕದಲ್ಲಿ ಬಾಳುವವರ ಕೊಡದ ನೀರಿನಲ್ಲಿ ಏನಿದೆಯೆಂದು ಅಳೆದು ನೋಡುವವರು ಮಾತ್ರ ವಿರಳ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಗ್ರಾಮವಿದೆ, ಕರಾವಳಿಯ ಮಂಗಳೂರಲ್ಲ. ಅಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಗಣಿಯ ಕೆಲಸ ನಿಂತ ಬಳಿಕ ಸಮೀಪದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳೂ ಮೈಮೇಲೆ ಕಪ್ಪು ಚುಕ್ಕೆಗಳೂ ಕಂಡುಬಂದವು. ಚಿನ್ನದ ಅದಿರಿನೊಡನೆ ಅನೇಕ ವೇಳೆ ಆರ್ಸೆನಿಕ್, ಅಂದರೆ ಪಾಷಾಣವೂ ಬೆರೆತಿರುತ್ತದೆ.

ದೇಹ ಸೇರಿದ ವಿಷವನ್ನು ಅಳೆಯುವ ಬಗೆ ಹೇಗೆ? ಸೀಸವಾದರೆ ರಕ್ತದಲ್ಲಿ ಅಳೆಯುತ್ತಾರೆ. 1994ರಲ್ಲಿ ಮುಚ್ಚಿದ ಜಾಂಬಿಯ ದೇಶದ ಕಬ್ವೆ ಗಣಿಯ ನೆರೆಯ ಮಕ್ಕಳನ್ನು ಹೀಗೆಯೇ ಪರೀಕ್ಷಿಸಲಾಯಿತು. ಆರ್ಸೆನಿಕ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದು. ಕಳೆದ ಕೆಲವು ದಿನಗಳ ಸೇವನೆಯನ್ನು ಮೂತ್ರವೂ, ತಿಂಗಳುಗಳ ಸೇವನೆಯನ್ನು ಕೂದಲು ಮತ್ತು ಉಗುರುಗಳೂ ತಿಳಿಸುತ್ತವೆ.

ತಾಂಡಾದಲ್ಲಿ ವಿಜ್ಞಾನಿಗಳು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿ ಮಾದರಿಗಳ ಪೈಕಿ ಶೇಕಡಾ 79ರಲ್ಲಿ ಆರ್ಸೆನಿಕ್, ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು, ಒಂದರಲ್ಲಿ 303ರಷ್ಟಿತ್ತು. 171 ನಿವಾಸಿಗಳಿಂದ ಸಂಗ್ರಹಿಸಿದ ಕೂದಲು, ಉಗುರುಗಳೆಲ್ಲದರಲ್ಲಿಯೂ ವಿಷ ಅಧಿಕವಾಗಿತ್ತು. ತಪಾಸಣೆಗೊಳಗಾದ 181 ಮಂದಿಯಲ್ಲಿ ಶೇಕಡಾ 58.6 ಮಂದಿಗೆ ಚರ್ಮದ ಬಾಧೆಯಿತ್ತು. ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದು ಆ ಅಧ್ಯಯನದಲ್ಲಿ ಇತ್ಯರ್ಥವಾಗಲಿಲ್ಲ. ಆದರೆ ಕುಡಿಯುವ ನೀರೇ ಮುಖ್ಯ ಮಾರ್ಗವಾಗಿರಬೇಕೆಂದು ಅವರು ತರ್ಕಿಸಿದರು.

ಇಲ್ಲಿ ಚರ್ಮ ಮೊದಲು ನುಡಿಯಿತು, ಅಳತೆ ಆಮೇಲೆ ಬಂದಿತು. ಈ ಕ್ರಮ ತಿರುಗಬೇಕೆಂಬುದೇ ನಮ್ಮ ವಿನಂತಿ. ಆರ್ಸೆನಿಕ್‌ಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನೀರನ್ನು ಕುದಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ವರ್ಷಾನುಗಟ್ಟಲೆ ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ತಗಲುವ ಅಪಾಯವಿದೆ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮನೆ ಮಾಡಿರುವ, ಶಾಲೆ ಹಾಗೂ ವಿದ್ಯಾರ್ಥಿನಿಲಯ ನಡೆಸುತ್ತಿರುವ ನಮ್ಮ ಬಾಂಧವರು ಕೊಳವೆಬಾವಿಯ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕಳುಹಿಸಲಿ. ಗಡಸುತನ, ಫ್ಲೋರೈಡುಗಳ ಪರೀಕ್ಷೆಯಷ್ಟೇ ಸಾಲದು. ಆರ್ಸೆನಿಕ್ ಎಂದು ಹೆಸರು ಹೇಳಿಯೇ ಕೇಳಬೇಕು. ಫಲಿತಾಂಶವನ್ನು ತಮ್ಮಲ್ಲೇ ಇಟ್ಟುಕೊಳ್ಳದೆ, ಅದೇ ಅಂತರ್ಜಲವನ್ನು ಕುಡಿಯುವ ನೆರೆಯ ತಾಂಡಾದ ತಾಯಂದಿರಿಗೂ ತಿಳಿಸಲಿ.